ಎಡಕ್ಕೆ ಎಳೆಯುವ ಕಾರು ಮತ್ತು ಹಬ್ಬದ ಗ್ರೀಸು

ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಮ್ಮೂರಿನಲ್ಲಿ ಮೊದಲು ಹುಟ್ಟುವ ಪ್ರಶ್ನೆ ಬ್ರೇಕಿನ ಬಗ್ಗೆ ಇರುವುದಿಲ್ಲ. ಓಡಿಸುತ್ತಿದ್ದವರು ಯಾರು ಎಂದು ಕೇಳುತ್ತಾರೆ. ಗಂಡಸಾದರೆ ರಸ್ತೆ ಸರಿಯಿಲ್ಲ. ಹೆಂಗಸಾದರೆ ಹೆಂಗಸೇ ಸರಿಯಿಲ್ಲ. ಕಾರಿನ ಸರದಿ ಆಮೇಲೆ, ಅದೂ ಬಂದರೆ.

ಆ ಮುಂಜಾನೆ ಕರೂರು ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಗ್ಯಾರೇಜಿಗೆ ಬಂದದ್ದು ವಿದ್ಯಾನಗರದ ಒಂದು ಡ್ರೈವಿಂಗ್ ಸ್ಕೂಲಿನ ಹಳೆಯ ಸಣ್ಣ ಕಾರು. ನೆತ್ತಿಯ ಮೇಲೆ ಫಲಕ, ಎಡ ಸೀಟಿನ ಮುಂದೆ ಮೇಷ್ಟ್ರಿಗೆಂದೇ ಇನ್ನೊಂದು ಬ್ರೇಕ್ ಪೆಡಲ್, ಎಡ ಮೂಲೆಯಲ್ಲಿ ಹೊಸದಾಗಿ ಒಡೆದ ದೀಪ. ತಂದವರು ಸ್ಕೂಲಿನ ಮಾಲೀಕರೂ ಅದರ ಏಕೈಕ ಮೇಷ್ಟ್ರೂ ಆದವರು. ಅವರು ಕಾರಿನಿಂದ ಇಳಿಯುವ ಮೊದಲೇ ಅವರ ತೀರ್ಪು ಇಳಿಯಿತು.

ಹಿಂದಿನ ದಿನ ಹರಿಹರದ ಬಸ್ ನಿಲ್ದಾಣದ ಹತ್ತಿರ ಕಲಿಯುತ್ತಿದ್ದ ಹೆಂಗಸೊಬ್ಬಳು ಬ್ರೇಕ್ ಒತ್ತಿದ್ದಳು. ಕಾರು ಎಡಕ್ಕೆ ಹೋಗಿ ಎಳನೀರಿನ ಗಾಡಿಗೆ ಗುದ್ದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ, ಎಳನೀರು ರಸ್ತೆ ತುಂಬ ಉರುಳಿದ್ದವು. ಅವಳು ಹರಿಹರದ ಆಚೆಯ ಒಂದು ಹಳ್ಳಿಯವಳು. ಪಂಚಾಯಿತಿಯ ಕಸದ ಗಾಡಿ ಓಡಿಸಲು ಅಲ್ಲಿನ ಮಹಿಳಾ ಸಂಘದವರು ಅವಳನ್ನು ಆರಿಸಿ ಕಲಿಯಲು ಕಳಿಸಿದ್ದರು. ಮೇಷ್ಟ್ರು ಆ ಬೆಳಗ್ಗೆಯೇ ಸಂಘದ ಅಧ್ಯಕ್ಷೆಗೆ ಫೋನ್ ಮಾಡಿ, ಇವಳಿಂದ ಆಗುವುದಿಲ್ಲ, ಬೇರೆಯವಳನ್ನು ಕಳಿಸಿ ಎಂದಿದ್ದರು. ಅಧ್ಯಕ್ಷೆ ಹಾಗೆಲ್ಲ ಫೋನಿನಲ್ಲಿ ಹೆಸರು ಬದಲಿಸುವವಳಲ್ಲ ಎಂದು ಕಾಣುತ್ತದೆ. ನಾಳೆ ತಾನೇ ಬಂದು ಕಣ್ಣಾರೆ ನೋಡುತ್ತೇನೆ ಎಂದಿದ್ದಳಂತೆ. ಅದಕ್ಕೇ ಮೇಷ್ಟ್ರು ನಮ್ಮಲ್ಲಿಗೆ ಓಡಿಬಂದದ್ದು.

ಗ್ಯಾರೇಜಿನ ಮಾಲೀಕರನ್ನು ನಾವೆಲ್ಲ ಉಸ್ತಾದ್ ಎನ್ನುತ್ತೇವೆ. ಮೇಷ್ಟ್ರು ಅವರಿಗೆ ಹೇಳಿದ್ದು ಇಷ್ಟು: ಬ್ರೇಕ್ ಒಂದ್ಸಲ ನೋಡಿ, ಚೆನ್ನಾಗೈತೆ ಅಂತ ಆ ಅಕ್ಕಾರ ಮುಂದ ಒಂದು ಮಾತು ಹೇಳ್ರಿ, ಸಾಕು.

ಆಮೇಲೆ ವೀಲ್ ಸ್ಪ್ಯಾನರ್ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು. "ತಂಗಿ, ನೀ ಬ್ಯಾಸರ ಮಾಡ್ಕಬ್ಯಾಡ. ಹೆಣ್ಮಕ್ಕಳಿಗೆ ಕಾಲಿಗೆ ಲಕ್ಷ್ಯ ಕೊಟ್ರ ಕೈ ತಪ್ತತಿ, ಕೈಗೆ ಕೊಟ್ರ ಕಾಲು ತಪ್ತತಿ. ನನ್ನ ಕೈ ಸ್ಟೇರಿಂಗಿನ ಮ್ಯಾಲಿದ್ದಷ್ಟು ದಿನ ಈ ಕಾರು ಒಂದು ಗೆರೆ ಆಚೀಚೆ ಹೋಗಿಲ್ಲ. ನಿನ್ನೆ ಫೋನ್ ಬಂತು ಅಂತ ಅರೆಗಳಿಗೆ ಬಿಟ್ಟೆ, ಅಷ್ಟರಾಗ ಗುದ್ದಿದ್ಲು ನೋಡು."

ಈ ಮಾತಿನಲ್ಲೇ ಇಡೀ ಪ್ರಕರಣದ ಉತ್ತರವಿತ್ತು. ಸಿಟ್ಟಿನಲ್ಲಿದ್ದ ನನಗೆ ಅದು ಕೇಳಿಸಲಿಲ್ಲ.

ಡಿಪ್ಲೊಮಾ ಓದುವಾಗ ಚರ್ಚಾಸ್ಪರ್ಧೆಗಳಿಗೆ ಊರೂರು ಅಲೆದವಳು ನಾನು. ತೀರ್ಪು ಮೊದಲು ಕೊಟ್ಟು ಸಾಕ್ಷಿಯನ್ನು ಆಮೇಲೆ ಹುಡುಕುವವರ ಜೊತೆ ವಾದಕ್ಕೆ ಕೂರಬಾರದು, ಅವರಿಗಿಂತ ಮೊದಲು ಹೋಗಿ ಸಾಕ್ಷಿಯನ್ನು ಹಿಡಿಯಬೇಕು ಎಂಬುದಷ್ಟೇ ಅಲ್ಲಿಂದ ನನಗೆ ದಕ್ಕಿದ ವಿದ್ಯೆ. ಹಾಗೆಂದು ಆ ಹೆಂಗಸಿಗಾಗಿ ನನ್ನ ಕರುಳು ಮಿಡಿಯಿತು ಎಂದೇನೂ ಯಾರೂ ತಿಳಿಯಬೇಕಿಲ್ಲ. ಹೆಣ್ಣಿಗೆ ಹೆಣ್ಣೇ ಆಸರೆ ಎಂಬ ಮಾತು ವೇದಿಕೆಯ ಮೇಲೆ ಚಪ್ಪಾಳೆ ತರುತ್ತದೆ, ಗ್ಯಾರೇಜಿನಲ್ಲಿ ನಟ್ ಕೂಡ ಬಿಚ್ಚುವುದಿಲ್ಲ. ಹೊಸಬರು ಬ್ರೇಕ್ ಒತ್ತುವಾಗ ಗಾಬರಿಯಲ್ಲಿ ಸ್ಟೇರಿಂಗ್ ಎಳೆಯುವುದುಂಟು. ಅವಳೂ ಎಳೆದಿರಬಹುದು. ನೋಡದೆ ಹೇಳಲು ನಾನೇನು ಡ್ರೈವಿಂಗ್ ಮೇಷ್ಟ್ರೇ?

ಮೊದಲು ಟೈರುಗಳ ಗಾಳಿ ನೋಡಿದೆ. ಸರಿಯಾಗಿತ್ತು. ಆಮೇಲೆ ಒಬ್ಬಳೇ ಕೂತು ಹಿಂದಿನ ಖಾಲಿ ರಸ್ತೆಗೆ ಹೋಗಿ, ಓಡುವ ಮನುಷ್ಯನ ವೇಗದಲ್ಲಿ, ಸ್ಟೇರಿಂಗನ್ನು ಬರೀ ಬೆರಳಲ್ಲಿ ತಾಗಿಸಿಕೊಂಡು ಬ್ರೇಕ್ ಒತ್ತಿದೆ. ಎಡಕ್ಕೆ ಹೋಯಿತು. ಮತ್ತೆ ಒತ್ತಿದೆ, ಮತ್ತೆ ಎಡಕ್ಕೆ.

ಬಂದು ಹೇಳಿದರೆ ಮೇಷ್ಟ್ರ ಉತ್ತರ ಸಿದ್ಧವಾಗಿತ್ತು. ರಸ್ತೆ ಎಡಕ್ಕೆ ಇಳಿಜಾರು ಇರುತ್ತದೆ, ನೀರು ಹೋಗಲಿ ಅಂತ ಹಾಗೇ ಮಾಡಿರುತ್ತಾರೆ, ಡಿಪ್ಲೊಮಾದಲ್ಲಿ ಹೇಳಿಕೊಡಲಿಲ್ಲವೇ ಎಂದರು. ಆಕ್ಷೇಪ ತಪ್ಪಲ್ಲ. ತಪ್ಪಲ್ಲದ ಆಕ್ಷೇಪ ಎತ್ತುವ ಅಯೋಗ್ಯ ಎದುರಾಳಿಯಷ್ಟು ಕಿರಿಕಿರಿ ಬೇರೊಂದಿಲ್ಲ. ಮತ್ತೆ ಹೋದೆ. ಈ ಸಲ ರಸ್ತೆಯ ಬಲ ಅಂಚಿನಲ್ಲಿ ಓಡಿಸಿದೆ, ಅಲ್ಲಿ ಇಳಿಜಾರು ಬಲಕ್ಕೆ. ಬ್ರೇಕ್ ಒತ್ತಿದರೆ ಕಾರು ಏರನ್ನು ಹತ್ತಿಕೊಂಡು ಎಡಕ್ಕೇ ಹೋಯಿತು. ಅಲ್ಲಿಗೆ ರಸ್ತೆ ನಿರಪರಾಧಿ.

ಎಡಕ್ಕೆ ಎಳೆದರೆ ಬಲಗಡೆಯ ಚಕ್ರವನ್ನು ಬಿಚ್ಚಬೇಕು. ಬಲಗಡೆ ಬ್ರೇಕ್ ಹಿಡಿಯುವುದಿಲ್ಲ, ಎಡಗಡೆಯದು ಹಿಡಿಯುತ್ತದೆ, ಕಾರು ಹಿಡಿದ ಕಡೆಗೆ ತಿರುಗುತ್ತದೆ. ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಮುಂದಿನ ಬಲ ಚಕ್ರ ತೆಗೆದೆ. ಕ್ಯಾಲಿಪರ್ ಎಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಅದುಮುವ ಇಕ್ಕಳ. ಈ ಇಕ್ಕಳದಲ್ಲಿ ಒತ್ತುವ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಒಳಗಿನ ಪ್ಯಾಡ್ ಡಿಸ್ಕಿಗೆ ತಾಗಿದ ಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಡಿಸ್ಕಿಗೆ ಎಳೆದುಕೊಳ್ಳಬೇಕು. ಪಿನ್ ಜಾರದಿದ್ದರೆ ಒಂದೇ ಕೈಯಲ್ಲಿ ಚಪ್ಪಾಳೆ ಹೊಡೆದ ಹಾಗೆ.

ಇಲ್ಲಿ ಆಗಿದ್ದು ಅದೇ. ಒಳಗಿನ ಪ್ಯಾಡ್ ಸವೆದು ಹಪ್ಪಳವಾಗಿತ್ತು, ಹೊರಗಿನದು ಹೊಸದರಂತೆ ಕೊಬ್ಬಿ ಕೂತಿತ್ತು. ಕ್ಯಾಲಿಪರ್ ಬಿಚ್ಚಿ, ಬ್ರೇಕ್ ಎಣ್ಣೆಯ ಹೋಸ್ ಮೇಲೆ ಭಾರ ಬೀಳದಂತೆ ತಂತಿಯಲ್ಲಿ ಮೇಲಕ್ಕೆ ಕಟ್ಟಿದೆ. ಪಿಸ್ಟನ್ ಒತ್ತಿದರೆ ಸರಾಗವಾಗಿ ಹಿಂದೆ ಹೋಯಿತು, ಅದರದೇನೂ ತಕರಾರಿಲ್ಲ. ಮೇಲಿನ ಪಿನ್ ಕೈಯಲ್ಲೇ ಜಾರಿತು. ಕೆಳಗಿನದು ಅಲುಗಲಿಲ್ಲ. ಸ್ಪ್ಯಾನರ್ ಹಾಕಿ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ, ಎಳೆಯುತ್ತ, ಬೈಯುತ್ತ ಹೊರಗೆ ತೆಗೆಯುವಷ್ಟರಲ್ಲಿ ಅಂಗೈ ಕೆಂಪಾಗಿತ್ತು.

ಅಷ್ಟರಲ್ಲಿ ಉಸ್ತಾದ್ ಬಂದು ಬಗ್ಗಿ ನೋಡಿದರು. ನೋಡುವ ಮೊದಲೇ ಅವರಿಗೂ ಕಾರಣ ಗೊತ್ತಿತ್ತು. ಮೇಷ್ಟ್ರು ಹರಿಹರಕ್ಕೆ ಪಾಠಕ್ಕೆ ಹೋದಾಗಲೆಲ್ಲ ಕಾರನ್ನು ತುಂಗಭದ್ರೆಗೆ ಇಳಿಸಿ ತೊಳೆಯುತ್ತಾರೆ, ನೀರು ಹೊಕ್ಕು ತುಕ್ಕು ಹಿಡಿದಿದೆ ಎಂದರು. ಹೊಳೆಯಲ್ಲಿ ತೊಳೆದದ್ದು ಭಕ್ತಿಯಿಂದ ಎಂದು ಮೇಷ್ಟ್ರು ಸೆಟೆದರು. ನಾನು ಪಿನ್ ಒರೆಸಿ ಇಬ್ಬರ ಮೂಗಿನ ಮುಂದೆ ಹಿಡಿದೆ. ಒಂದು ಚುಕ್ಕೆ ತುಕ್ಕಿರಲಿಲ್ಲ. ಹೊಳೆಗೂ ಭಕ್ತಿಗೂ ಸಂಬಂಧವೇ ಇಲ್ಲ.

ಕೆಟ್ಟದ್ದು ಪಿನ್ನಿನ ತುದಿಯ ರಬ್ಬರ್ ಬುಷ್. ಪಿನ್ ಗಡಗಡ ಎನ್ನದಿರಲೆಂದು ಕೂರಿಸಿದ ಸಣ್ಣ ಹೊದಿಕೆ ಅದು. ನೀರಲ್ಲಿ ನೆನೆದ ಕಡಲೆಯ ಹಾಗೆ ಉಬ್ಬಿ, ರಂಧ್ರದೊಳಗೆ ಬಿರಡೆಯಂತೆ ಬಿಗಿದಿತ್ತು. ಅದರ ಸುತ್ತ ಹಳದಿ ಗ್ರೀಸು. ಬೆರಳಿಗೆ ತಾಗಿಸಿ ಮೂಸಿದೆ. ಆ ವಾಸನೆ ನನಗೆ ಗೊತ್ತಿತ್ತು, ನಮ್ಮ ಗ್ಯಾರೇಜಿನ ಮೂಲೆಯ ದೊಡ್ಡ ಡಬ್ಬಿಯದು.

ಇಲ್ಲಿ ಹಬ್ಬದ ಗ್ರೀಸಿನ ವಿಷಯ ಹೇಳಬೇಕು. ಪ್ರತಿ ಆಯುಧಪೂಜೆಯ ಹಿಂದಿನ ದಿನ ಕಾಯಂ ಗಿರಾಕಿಗಳ ಗಾಡಿಗಳನ್ನು ಉಸ್ತಾದ್ ಪುಕ್ಕಟೆ ತೊಳೆಸುತ್ತಾರೆ, ಎಲ್ಲೆಲ್ಲಿ ಏನೇನು ಆಡುತ್ತದೋ ಅಲ್ಲೆಲ್ಲ ಆ ಡಬ್ಬಿಯ ಗ್ರೀಸು ಹಚ್ಚಿಸುತ್ತಾರೆ. ಹಬ್ಬದ ದಿನ ಕಬ್ಬಿಣ ಒಣಗಿರಬಾರದು ಎಂಬುದು ಅವರ ಮಾತು. ಬಾಗಿಲಿನ ಕೀಲಿಗೆ ಅದು ಸರಿ, ಬಾನೆಟ್ ಕೊಕ್ಕೆಗೂ ಸರಿ. ಆದರೆ ಪೆಟ್ರೋಲಿಯಂ ಗ್ರೀಸು ಬ್ರೇಕಿನ ರಬ್ಬರನ್ನು ಉಬ್ಬಿಸುತ್ತದೆ. ಅಲ್ಲಿಗೆ ಸಿಲಿಕೋನ್ ಗ್ರೀಸೇ ಆಗಬೇಕು, ಅದೂ ತೆಳ್ಳಗೆ ಸವರುವಷ್ಟು. ನಾನು ಕೆಲಸಕ್ಕೆ ಸೇರುವ ಮೊದಲಿನ ಹಬ್ಬದಲ್ಲಿ ಯಾರೋ ಉತ್ಸಾಹಿ ಚಕ್ರ ಬಿಚ್ಚಿದವನು ಪಿನ್ನನ್ನೂ ಬಿಟ್ಟಿರಲಿಲ್ಲ. ಪುಕ್ಕಟೆ ಸೇವೆಯಲ್ಲಿ ಕೈ ಧಾರಾಳ.

ಉಸ್ತಾದ್ ಒಪ್ಪಲಿಲ್ಲ. "ಹಂಗಾದ್ರ ಎಡಗಡೀದು ಯಾಕ ಹಿಡಿದಿಲ್ಲ ಬೇಟಿ? ಅದಕ್ಕೂ ಅದೇ ಗ್ರೀಸ್ ಅಲ್ಲ?"

ಒಳ್ಳೆಯ ಪ್ರಶ್ನೆ. ಎಡ ಚಕ್ರವನ್ನೂ ಬಿಚ್ಚಿದೆ. ಅಲ್ಲೂ ಅದೇ ಹಳದಿ, ಅಲ್ಲೂ ರಬ್ಬರ್ ಉಬ್ಬಲು ಹತ್ತಿತ್ತು. ಪಿನ್ ಬಿಗಿಯಾಗಿಯಾದರೂ ಜಾರುತ್ತಿತ್ತು. ಕೆಡುವ ದಾರಿಯಲ್ಲಿತ್ತು, ಇನ್ನೂ ಊರು ತಲುಪಿರಲಿಲ್ಲ. ಉಸ್ತಾದ್ ಚಹಾ ಕುಡಿಯಲು ಹೋದರು.

ಹಳೆಯ ಗ್ರೀಸನ್ನು ಬ್ರೇಕ್ ಕ್ಲೀನರ್ ಹೊಡೆದು ತೆಗೆದೆ. ಕಡ್ಡಿಗೆ ಬಟ್ಟೆ ಸುತ್ತಿ ರಂಧ್ರದ ತಳದವರೆಗೂ ಒರೆಸಿದೆ. ನನ್ನ ಪೆಟ್ಟಿಗೆಯಲ್ಲಿ ಉಳಿದಿದ್ದ ಸಿಲಿಕೋನ್ ಗ್ರೀಸು ಸವರಿ ಪಿನ್ ಕೂರಿಸಿದರೆ ಕೈಯಲ್ಲಿ ಆಡಿತು. ಆಗೋಯ್ತಲ್ಲ ಎಂದು ಮೇಷ್ಟ್ರು ಕೀಲಿ ಕೇಳಿದರು. ಚಕ್ರ ಹಾಕಿ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಒಂದು ಸುತ್ತು ಹೋಗಿಬಂದೆ. ಬ್ರೇಕ್ ಬಿಸಿಯಾದ ಕೂಡಲೇ ಹಳೆಯ ಕಥೆ, ಪಿನ್ ಮತ್ತೆ ಸಿಕ್ಕಿಕೊಂಡಿತು, ತಣ್ಣಗಾದ ಮೇಲೂ ಬಿಡಲಿಲ್ಲ. ಉಬ್ಬಿದ ರಬ್ಬರು ತೊಳೆದರೆ ಇಳಿಯುವುದಿಲ್ಲ, ಹೊಸದೇ ಬೇಕು.

ಆಗ ಚಹಾ ಮುಗಿಸಿ ಬಂದ ಉಸ್ತಾದ್ ತಮ್ಮ ಅನುಭವದ ಭಂಡಾರದಿಂದ ಇನ್ನೊಂದು ರತ್ನ ತೆಗೆದರು. ಆ ರಬ್ಬರ್ ಕತ್ತರಿಸಿ ಬಿಸಾಕು, ಪಿನ್ ತಾನೇ ಜಾರುತ್ತದೆ, ಎಷ್ಟೋ ಗಾಡಿಗೆ ಹಾಗೇ ಮಾಡಿದ್ದೇವೆ ಎಂದರು. ಆ ಎಷ್ಟೋ ಗಾಡಿಗಳು ಈಗ ಎಲ್ಲಿವೆ ಎಂದು ಕೇಳಿದೆ.

ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಹತ್ತಿ ಇಳಿದೆ. ಪ್ಯಾಡ್ ಸಿಕ್ಕವು, ರಬ್ಬರ್ ಕಿಟ್ ಸಿಗಲಿಲ್ಲ. ಒಬ್ಬ ಬೇರೆ ಕಾರಿನದನ್ನು ಕೊಟ್ಟು, ಎಲ್ಲಾ ಒಂದೇ ಮೇಡಂ ಎಂದ. ಇನ್ನೊಬ್ಬ, ಇಷ್ಟು ಹಳೇ ಗಾಡಿಗೆ ಇದೆಲ್ಲಾ ಯಾರು ಹಾಕ್ತಾರೆ ಎಂದು ನನ್ನನ್ನೇ ವಿಚಾರಣೆ ಮಾಡಿದ. ಕಡೆಗೆ ಬಸ್ ಹತ್ತಿ ಹರಿಹರಕ್ಕೆ ಹೋದೆ. ಅಲ್ಲಿನ ಒಂದು ಹಳೆಯ ಅಂಗಡಿಯಲ್ಲಿ ಎರಡೂ ಬದಿಗೆ ಆಗುವ ಕಿಟ್ ಸಿಕ್ಕಿತು. ಅಂಗಡಿಯವನು ಧೂಳು ಊದಿ ಕೊಟ್ಟ, ಅವನ ಮುಖದಲ್ಲಿ ಕೊನೆಗೂ ಒಬ್ಬ ಹುಚ್ಚಿ ಬಂದಳು ಎಂಬ ಸಮಾಧಾನವಿತ್ತು.

ಸಂಜೆ ಬಂದಾಗ ಉಸ್ತಾದರೂ ಮೇಷ್ಟ್ರೂ ಒಂದಾಗಿದ್ದರು. ಬೆಳಗ್ಗೆ ಹೊಳೆಗಾಗಿ ಜಗಳವಾಡಿದವರಿಗೆ ಈಗ ಒಂದೇ ಅವಸರ: ಈಗಲೇ ಕೂರಿಸಿಬಿಡು, ನಾಳೆ ಕಾರು ನೆಟ್ಟಗಿರಬೇಕು. ಯಾಕೆ ಎಂದು ಬಿಡಿಸಿ ಹೇಳಬೇಕಿರಲಿಲ್ಲ. ನಾಳೆ ಅಧ್ಯಕ್ಷೆ ಬರುವ ಹೊತ್ತಿಗೆ ಕಾರು ನೆಟ್ಟಗೆ ನಿಂತರೆ, ನಿನ್ನೆ ಸೊಟ್ಟಗೆ ಹೋದದ್ದು ಹೆಂಗಸು. ಮೇಷ್ಟ್ರ ಸ್ಕೂಲೂ ಉಳಿಯಿತು, ಉಸ್ತಾದರ ಡಬ್ಬಿಯೂ ಉಳಿಯಿತು. ಹೋಗುವುದು ಇಬ್ಬರೂ ಹೆಸರು ಹಿಡಿದು ಕರೆಯದ ಒಬ್ಬಳ ಕೆಲಸ.

ಸರಿಮಾಡಿದ ಕಾರು ಸುಳ್ಳುಸಾಕ್ಷಿ. ನಾನು ಕಿಟ್ಟನ್ನು ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ನಾಳೆ ಅವರ ಮುಂದೆ ಮೊದಲು ಕೆಟ್ಟದ್ದನ್ನು ತೋರಿಸುತ್ತೇನೆ, ಆಮೇಲೆ ಕೂರಿಸುತ್ತೇನೆ ಎಂದೆ.

"ಗ್ರೀಸ್ ಯಾರ್ದು ಅಂತ ಕೇಳಿದ್ರ?" ಎಂದರು ಉಸ್ತಾದ್.

"ನಿಮ್ದು ಅಂತೀನಿ."

ಉಸ್ತಾದ್ ಮೂಲೆಯ ಡಬ್ಬಿಯ ಮುಚ್ಚಳ ಬಿಗಿದು ಮನೆಗೆ ಹೊರಟರು.

ಮರುದಿನ ಅಧ್ಯಕ್ಷೆ ಗ್ಯಾರೇಜಿಗೆ ಬಂದಳು, ಜೊತೆಗೆ ಆ ಹೆಂಗಸು. ಅಧ್ಯಕ್ಷೆ ದಪ್ಪ ಕನ್ನಡಕದ, ಮಾತು ಕಡಿಮೆಯ ಗಟ್ಟಿ ಹೆಂಗಸು. ಕಲಿಯುವವಳು ನಾನಂದುಕೊಂಡಂತೆ ಅಳುಮುಖದವಳಲ್ಲ, ಸಿಟ್ಟಾಗಿದ್ದಳು. ಗುದ್ದಿದ್ದಕ್ಕಲ್ಲ, ಗುದ್ದಿದ ಮೇಲೆ ಬೀದಿಯಲ್ಲಿ ಎಲ್ಲರೂ ಕೂಡಿ ಬುದ್ಧಿ ಹೇಳಿದ್ದಕ್ಕೆ. ಎಳನೀರು ಆರಿಸಿ ಕೊಟ್ಟವಳು ತಾನೊಬ್ಬಳೇ ಎಂದಳು.

ಹಿಂದಿನ ರಸ್ತೆಯ ತುದಿ ಒಂದು ಗೋಡೆಗೆ ಮುಗಿಯುತ್ತದೆ, ಆ ಕಡೆ ಗಾಡಿಗಳು ಬರುವುದಿಲ್ಲ. ನಾನು ಎಡ ಸೀಟಿನಲ್ಲಿ ಕೂತು, ಎರಡೂ ಕೈ ಎಲ್ಲರಿಗೂ ಕಾಣುವಂತೆ ಮಡಿಲಲ್ಲಿಟ್ಟು, ಕಾಲನ್ನು ಆ ಇನ್ನೊಂದು ಪೆಡಲಿನ ಹತ್ತಿರ ಇಟ್ಟುಕೊಂಡೆ. ಸ್ಟೇರಿಂಗಿಗೆ ಕೂತ ಅವಳಿಗೆ, ಮೆಲ್ಲಗೆ ಓಡಿಸಿ ಬ್ರೇಕ್ ಒತ್ತು ಎಂದೆ. ಒತ್ತಿದಳು. ಎಡಕ್ಕೆ.

"ಅಲ್ಲೇ ನೋಡ್ರಿ ಅಕ್ಕಾರ," ಎಂದರು ಮೇಷ್ಟ್ರು. ದೋಷ ತೋರಿಸಲು ನಾನು ಹೂಡಿದ ಪ್ರಯೋಗವನ್ನು ಅವರು ತಮ್ಮ ಸಾಕ್ಷಿಯಾಗಿ ದಾಖಲಿಸಿಕೊಂಡರು. "ಈಗ ನಾ ಕೂಡ್ತೀನಿ. ಅದೇ ಕಾರು, ಅದೇ ಹೆಣ್ಮಗಳು."

ನನ್ನನ್ನು ಇಳಿಸಿ ತಾವು ಎಡಕ್ಕೆ ಕೂತರು. ನಾವು ರಸ್ತೆಬದಿಯಲ್ಲಿ ನಿಂತು ನೋಡಿದೆವು. ಕಾರು ಹೋಯಿತು, ಬ್ರೇಕಿನ ದೀಪ ಹತ್ತಿತು, ಕಾರು ನೂಲು ಹಿಡಿದ ಹಾಗೆ ನೆಟ್ಟಗೆ ನಿಂತಿತು.

ಪಿನ್ ಬಿಗಿದೇ ಇತ್ತು, ನಾನೇ ಹಾಗೆ ಬಿಟ್ಟು ಹೋದದ್ದು. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, ಸರ್ ಕೂತ್ರ ನೆಟ್ಟಗೆ ಹೊಕ್ಕತಿ, ನೀವು ಕೂತ್ರ ಸೊಟ್ಟಗೆ ಹೊಕ್ಕತಿ, ಇದನ್ನ ನಾ ಹೆಂಗ ತಿಳೀಲಿ ಎಂದಳು. ಚರ್ಚೆಯಲ್ಲಿ ಗಂಟೆ ಬಾರಿಸುವ ಹೊತ್ತಿಗೆ ಮಾತು ಮರೆತವರ ಮುಖವನ್ನು ನಾನು ಬಹಳ ಸಲ ಎದುರಿನಿಂದ ನೋಡಿದ್ದೇನೆ. ಅವತ್ತು ಆ ಮುಖ ನನ್ನದಾಗಿತ್ತು. ಇಳಿದು ಬಂದ ಹೆಂಗಸು ನನ್ನ ಕಡೆ ನೋಡಿದಳು, ಇಷ್ಟೇನಾ ಎಂಬ ಹಾಗೆ.

ಮಾತು ಸೋತಾಗ ಕೆಲಸ ಮಾಡಬೇಕು. ಕಾರನ್ನು ಒಳಗೆ ತಂದು ಎಲ್ಲರ ಮುಂದೆ ಬಿಚ್ಚಿದೆ. ಉಬ್ಬಿದ ಬುಷ್ ಮತ್ತು ಹೊಸದನ್ನು ಅಧ್ಯಕ್ಷೆಯ ಅಂಗೈ ಮೇಲೆ ಅಕ್ಕಪಕ್ಕ ಇಟ್ಟೆ. ಅವಳು ಎರಡನ್ನೂ ಹಿಚುಕಿ ನೋಡಿ, ಇದು ಹೆಂಗ ಉಬ್ಬಿತು ಎಂದು ಕೇಳಿದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಹಿಂದಿನಿಂದ ಉಸ್ತಾದರ ದನಿ ಬಂತು.

"ಗ್ರೀಸ್ ನಮ್ದೇ ಅಮ್ಮಾ. ಹಬ್ಬಕ್ಕ ಪ್ರೀತಿಲೆ ಹಚ್ಚಿದ್ದು."

ಪ್ರೀತಿ ರಬ್ಬರಿಗೆ ತಿಳಿಯುವುದಿಲ್ಲ. ಆದರೂ ಹೇಳಿದರಲ್ಲ, ಅಷ್ಟು ಸಾಕೆಂದು ಸ್ಪ್ಯಾನರ್ ಎತ್ತಿಕೊಂಡೆ.

ಹೊಸ ಬುಷ್, ಪಿನ್ನಿಗೆ ಧೂಳು ಹೊಗದಂತೆ ಮುಚ್ಚುವ ಹೊಸ ಬೂಟ್, ಎರಡೂ ಬದಿಗೆ. ಪಿನ್ನಿಗೆ ತೆಳ್ಳಗೆ ಸಿಲಿಕೋನ್ ಗ್ರೀಸು. ಒಳಗೆ ತಳ್ಳಿದ ಮೇಲೆ ರಬ್ಬರ್ ಬೂಟನ್ನು ಹಿಚುಕಿ ಸಿಕ್ಕಿಕೊಂಡ ಗಾಳಿ ಬಿಟ್ಟೆ, ಇಲ್ಲದಿದ್ದರೆ ಗಾಳಿಯೇ ಪಿನ್ನನ್ನು ಹೊರಕ್ಕೆ ನೂಕುತ್ತದೆ. ಪ್ಯಾಡ್ ಕೂರುವ ತೋಡುಗಳ ಕಿಲುಬನ್ನು ತಂತಿ ಬ್ರಷ್ಷಿನಲ್ಲಿ ಕೆರೆದು, ಪ್ಯಾಡಿನ ಕಿವಿಗಳಿಗೆ ಮಾತ್ರ ಚೂರು ಸವರಿದೆ. ಪ್ಯಾಡಿನ ಮುಖಕ್ಕೂ ಡಿಸ್ಕಿಗೂ ಗ್ರೀಸು ತಾಗಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ಬೋಲ್ಟುಗಳನ್ನು ಬಿಗಿತ ಅಳೆಯುವ ಸ್ಪ್ಯಾನರಿನಲ್ಲೇ ಬಿಗಿದು, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಬ್ರೇಕ್ ಎಣ್ಣೆ ನೋಡಿ, ಹೊಸ ಪ್ಯಾಡ್ ಕೂರಲೆಂದು ನಾನೇ ಕೆಲವು ಸುತ್ತು ನಿಧಾನಕ್ಕೆ ಹೋಗಿಬಂದೆ.

ಮತ್ತೆ ಅದೇ ರಸ್ತೆ. ಅವಳು ಸ್ಟೇರಿಂಗಿಗೆ, ನಾನು ಪಕ್ಕದಲ್ಲಿ ಕೈಕಟ್ಟಿ. ಬ್ರೇಕ್ ಒತ್ತಿದಳು. ನೆಟ್ಟಗೆ ನಿಂತಿತು. ಇನ್ನೊಮ್ಮೆ, ಸ್ವಲ್ಪ ಜೋರಾಗಿ. ನೆಟ್ಟಗೆ.

ಮೇಷ್ಟ್ರು ನಗುತ್ತಾ ಬಂದರು. ನಾಚಿಕೆಯಿಲ್ಲದವರಿಗೆ ಸೋಲಿಲ್ಲ ಎಂಬುದನ್ನು ನಾನು ಅಲ್ಲಿ ಕಲಿತೆ. "ನೋಡ್ರಿ ಅಕ್ಕಾರ, ನನ್ನ ಜೋಡಿ ಒಂದು ಸುತ್ತು ಬಂದದ್ದಕ್ಕ ಹೆಂಗ ಕಲ್ತಳು. ಬರ್ರಿ, ನೀವೂ ಹಿಂದ ಕೂಡ್ರಿ. ಸ್ಕೂಲಿಂದು ಪಾಠ ಹೆಂಗಿರ್ತತಿ ತೋರಿಸ್ತೀನಿ."

ಅಧ್ಯಕ್ಷೆ ಹಿಂದೆ ಕೂತಳು. ಕರೆಯದಿದ್ದರೂ ನಾನೂ ಅವಳ ಪಕ್ಕ ತೂರಿದೆ. ಮೇಷ್ಟ್ರು ಎಡಕ್ಕೆ ಕೂತರು, ಕೂತ ಕೂಡಲೇ ಅವರ ಬಲಗೈ ತನ್ನಷ್ಟಕ್ಕೆ ಹೋಗಿ ಸ್ಟೇರಿಂಗಿನ ಎಡ ಅಂಚನ್ನು ಹಿಡಿಯಿತು. ಹಸು ತನ್ನ ಗೂಟಕ್ಕೆ ಹೋದ ಹಾಗೆ. ರಸ್ತೆಬದಿಯಿಂದ ನನಗೆ ಕಾಣದೆ ಹೋದದ್ದು ಇದು.

ಅವಳು ಬ್ರೇಕ್ ಒತ್ತಿದಳು. ಕಾರು ಸರಕ್ಕನೆ ಬಲಕ್ಕೆ ಹೋಯಿತು.

"ಬಲಕ್ಕ ಯಾಕ ಎಳೀತೀ?" ಎಂದು ಮೇಷ್ಟ್ರು ರೇಗಿದರು.

ನಾನು ನೋಡಿದ್ದೆ, ಅಧ್ಯಕ್ಷೆಯೂ ನೋಡಿದ್ದಳು. ಬ್ರೇಕ್ ಬಿದ್ದ ಗಳಿಗೆಯಲ್ಲಿ ಆ ಕೈ ಸ್ಟೇರಿಂಗನ್ನು ಮೇಲಕ್ಕೆ ತಳ್ಳಿತ್ತು. ಪಿನ್ ಮೆಲ್ಲಗೆ ಬಿಗಿಯುತ್ತ ಬಂದಂತೆ ಆ ಕೈಯೂ ಮೆಲ್ಲಗೆ ತಳ್ಳುವುದನ್ನು ಕಲಿತಿತ್ತು. ಹಬ್ಬದಿಂದ ಈಚೆಗೆ ಈ ಮನುಷ್ಯ ಸೊಟ್ಟ ಕಾರನ್ನು ಪಕ್ಕದ ಸೀಟಿನಿಂದ ತಾನೇ ನೆಟ್ಟಗೆ ಓಡಿಸುತ್ತ, ಅದನ್ನು ಪಾಠ ಎಂದು ಕರೆಯುತ್ತ ಬಂದಿದ್ದರು. ಫೋನ್ ಬಂದ ದಿನ ಕೈ ಬಿಟ್ಟರು, ಎಳನೀರು ಉರುಳಿದವು.

ಅವಳು ಕಾರನ್ನು ಪೂರ್ತಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಳು. ತಿರುಗಿ ನೋಡಲಿಲ್ಲ.

"ಕೈ ತಗೀರಿ ಸರ್."

ನನ್ನ ಹತ್ತಿರ ಒಂದು ಭಾಷಣಕ್ಕಾಗುವಷ್ಟು ಮಾತು ಬಾಯಿತನಕ ಬಂದಿತ್ತು. ಅಧ್ಯಕ್ಷೆ ನನಗಿಂತ ಮೊದಲು ಬಾಯಿ ತೆರೆದಳು. "ತಗೀರಿ ಮತ್ತ. ಗಾಡಿ ಓಡ್ಸಾಕಿ ಅಕೀನ. ಸಂಘದ ಪುಸ್ತಕದಾಗ ಹೆಸರೂ ಅಕೀದ ಇರ್ತತಿ."

ಮೇಷ್ಟ್ರು ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು, ಬೇರೆಯವರ ಸಾಮಾನು ಇಟ್ಟುಕೊಂಡ ಹಾಗೆ. ಅವಳು ಗೇರ್ ಹಾಕಿದಳು. ಗೋಡೆ ಹತ್ತಿರ ಬರುತ್ತಿದ್ದಂತೆ ಬ್ರೇಕ್ ಒತ್ತಿದಳು, ಕಾರು ನೆಟ್ಟಗೆ ನಿಂತಿತು. ಮಡಿಲಲ್ಲಿದ್ದ ಆ ಬಲಗೈ ಮಾತ್ರ ಸುಮ್ಮನೆ ಮೇಲೆದ್ದು, ಗಾಳಿಯನ್ನು ಒಂದಿಷ್ಟು ತಳ್ಳಿ, ಮತ್ತೆ ಕೆಳಗೆ ಕೂತಿತು.